ನಮ್ಮ ಹಿತ್ತಲಿನ ಪೂರ್ವೋತ್ತರ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿಗೆ, ಕಂಬಗಳ ಮೇಲೆ ಹಲಗೆ ಹಾಸಿ ಮಾಡಿದ್ದ ಹಳೆಯ ಡೆಕ್ಕನ್ನು ಬಿಚ್ಚಲು ಬಂದ ಬಡಗಿ ಗರಗಸ ಮುಟ್ಟುವ ಮೊದಲು ಮುಖಗವಸು ಹಾಕಿಕೊಂಡ. ಮೇಲಿನ ಹಲಗೆಗಳ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. ಅವುಗಳನ್ನು ಹೊತ್ತಿದ್ದ ಕಂಬ, ತೊಲೆಗಳನ್ನು ತೋರಿಸಿ, "ಇವು 2004ಕ್ಕಿಂತ ಹಿಂದಿನವು. ಒಂದು ಚೂರನ್ನೂ ಒಲೆಗೆ ಹಾಕಬೇಡಿ, ಪುಡಿ ಗಿಡದ ಬುಡಕ್ಕೆ ಬೀಳದ ಹಾಗೆ ನೋಡಿಕೊಳ್ಳಿ" ಅಂದ. ಕೊಯ್ದ ತುದಿಯಲ್ಲಿ ಮರ ತೆಳು ಹಸಿರಾಗಿತ್ತು. ಮೈಮೇಲೆ ಉಳಿಯಿಂದ ಕೊರೆದ ಹಾಗೆ ಸಾಲು ಸಾಲಾಗಿ ಸಣ್ಣ ಸೀಳುಗಳಿದ್ದವು. ಸಾಗರದಿಂದ ಬಂದು ನಮ್ಮ ಜೊತೆಗಿದ್ದ ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಆ ತುದಿಯನ್ನು ನೋಡಿದರು. ಜೀವಮಾನವಿಡೀ ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಸಿದವರು. "ಇದು ಮೈಲುತುತ್ತದ ಬಣ್ಣ ಕೂಸೇ" ಅಂದರು. ಆಮೇಲೆ ಬೆರಳ ಗೆಣ್ಣಿನಿಂದ ಕಂಬಕ್ಕೆ ಕುಟ್ಟಿ, "ಇದ್ರಲ್ಲಿ ಚೇಗು ಎಲ್ಲಿದ್ದು?" ಎಂದು ಕೇಳಿದರು.

ಅವರು ಎರಡನ್ನೂ ಸರಿಯಾಗಿಯೇ ಹಿಡಿದಿದ್ದರು. ಚೇಗಿಲ್ಲದ ಮರಕ್ಕೆ ಗೆದ್ದಲು, ಕುಟ್ಟೆ, ಬೂಷ್ಟು ಎಲ್ಲವೂ ಮುತ್ತುತ್ತವೆ. ನಮ್ಮೂರಲ್ಲಿ ಅದಕ್ಕೇ ಹಲಸೋ ತೇಗವೋ ಬಲಿತ ಮರವನ್ನು ಹುಡುಕಿ, ಹೊರಗಿನ ಬಿಳಿ ಭಾಗವನ್ನು ಕೆತ್ತಿ ತೆಗೆದು, ಚೇಗನ್ನಷ್ಟೇ ಕಂಬಕ್ಕೆ ಬಳಸುತ್ತಿದ್ದರು. ಚೇಗಿಲ್ಲದ ಎಳೆ ಮರವನ್ನೇ ಮಣ್ಣಿನಲ್ಲಿ ಹೂತು ಹತ್ತಾರು ವರ್ಷ ನಿಲ್ಲಿಸಬೇಕು ಅಂದರೆ ಅದಕ್ಕೆ ವಿಷ ಕುಡಿಸಬೇಕು. ಆ ವಿಷವನ್ನು ಮರದಲ್ಲೇ ಉಳಿಯುವ ಹಾಗೆ ಕುಡಿಸುವುದನ್ನು ಜಗತ್ತಿಗೆ ಕಲಿಸಿದವರು ಭಾರತೀಯರೊಬ್ಬರು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್.

ಕಾಮೇಶನ್ 1933ರಲ್ಲಿ ರೂಪಿಸಿದ ಮಿಶ್ರಣದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿದ್ದವು. ತಾಮ್ರ ಬೂಷ್ಟನ್ನು ಕೊಲ್ಲುತ್ತದೆ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಮೈಲುತುತ್ತದ್ದೂ ಅದೇ ಗುಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದ ಮೇಲೆಯೇ ಮಲೆನಾಡಿನ ತೋಟಗಳಿಗೆ ಬೋರ್ಡೋ ಬಂದದ್ದು. ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ತಾಮ್ರಕ್ಕೆ ಬಗ್ಗದ ಬೂಷ್ಟನ್ನೂ ಕೊಲ್ಲುತ್ತದೆ. ಇವೆರಡೂ ಅದಕ್ಕೂ ಮೊದಲೇ ಗೊತ್ತಿದ್ದವು, ಆದರೆ ಮಳೆ ಬಂದರೆ ತೊಳೆದು ಹೋಗುತ್ತಿದ್ದವು. ಮೂರನೆಯದಾಗಿ ಕ್ರೋಮಿಯಂ ಸೇರಿಸಿದರೆ ಅದು ಆ ಎರಡನ್ನೂ ಮರದ ನಾರಿಗೆ ಕಟ್ಟಿಹಾಕುತ್ತದೆ ಎಂಬುದು ಕಾಮೇಶನ್ ಅವರ ಶೋಧ. ಉಕ್ಕಿನ ಉರುಳೆಯೊಳಗೆ ಮರ ತುಂಬಿ, ಗಾಳಿ ಎಳೆದು, ಒತ್ತಡದಿಂದ ದ್ರಾವಣ ನುಗ್ಗಿಸುವ ವಿಧಾನ 1838ರಿಂದಲೇ ಇತ್ತು. ರೈಲ್ವೆಯವರು ಸ್ಲೀಪರುಗಳಿಗೆ ಡಾಂಬರೆಣ್ಣೆ ಕುಡಿಸುತ್ತಿದ್ದದ್ದು ಹಾಗೆ. ಕಾಮೇಶನ್ ಮಿಶ್ರಣ ಭಾರತದಲ್ಲಿ ಆಸ್ಕು ಎಂಬ ಹೆಸರಿನಲ್ಲಿ ಬಂತು. 1938ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಡಗ್ಲಸ್ ಫರ್‌ನಂಥ ಮರ ದ್ರಾವಣವನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಅದರ ಮೈಯನ್ನು ಹಲ್ಲುಗಳಿರುವ ಉರುಳೆಗಳ ನಡುವೆ ಹಾಯಿಸಿ ಸೀಳು ಮಾಡುತ್ತಾರೆ. ನಮ್ಮ ಕಂಬಗಳ ಮೈಮೇಲಿದ್ದ ಸಾಲು ಅದೇ.

1970ರ ದಶಕದಲ್ಲಿ ಇಂಥ ಮರ ಅಮೆರಿಕದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿತು. ಶನಿವಾರ, ಭಾನುವಾರಗಳಲ್ಲಿ ಸುತ್ತಿಗೆ ಹಿಡಿದು ಮನೆಯೊಡೆಯರೇ ಡೆಕ್ ಕಟ್ಟಿಕೊಳ್ಳುವ ಕಾಲ ಶುರುವಾದದ್ದು ಅಲ್ಲಿಂದ. ಮಕ್ಕಳ ಉಯ್ಯಾಲೆಗೂ ಜಾರುಬಂಡೆಗೂ ಇದೇ ಮರ ಬಂತು. ಮುಟ್ಟಿದ ಕೈಗೆ ಆರ್ಸೆನಿಕ್ ಅಂಟುತ್ತದೆ, ಕಂಬದ ಬುಡದ ಮಣ್ಣಿಗೂ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ ಎಂಬುದು ಗಟ್ಟಿಯಾಗುತ್ತ ಹೋದ ಹಾಗೆ ತಯಾರಕರು ಮನೆಬಳಕೆಗೆ ಇದನ್ನು ಮಾಡುವುದನ್ನು 2003ರ ಕೊನೆಗೆ ನಿಲ್ಲಿಸಲು ಒಪ್ಪಿದರು. ಬಡಗಿ ಹೇಳಿದ ಇಸವಿಯ ಹಿಂದಿನ ಕಥೆ ಇದು. ಕಾಮೇಶನ್ ಅವರನ್ನು ಇದಕ್ಕೆ ದೂರಲು ನನಗೆ ಮನಸ್ಸಿಲ್ಲ. ರೈಲಿನ ಸ್ಲೀಪರು, ತಂತಿಕಂಬಗಳು ಬಾಳಿಕೆ ಬಂದಷ್ಟೂ ಕಾಡು ಉಳಿಯುತ್ತದೆ. ಹೀಗೆ ಒಂದು ದೇಶದ ಅಗತ್ಯಕ್ಕೆ ಹುಟ್ಟಿದ್ದನ್ನು ಇನ್ನೊಂದು ದೇಶ ಮಕ್ಕಳು ಅಂಬೆಗಾಲಿಡುವ ಜಾಗಕ್ಕೆ ತಂದಿಟ್ಟಿತು.

ಮೇಲಿನ ಹಲಗೆಗಳ ಜಾತಿಯೇ ಬೇರೆ. ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದವು, ಅಲ್ಲಲ್ಲಿ ಸಿಬಿರು ಎದ್ದಿದ್ದವು. ಮಗುಚಿ ಹಾಕಿ ಒಂದು ಗೇಣು ಉಜ್ಜಿದಾಗ ಒಳಗಿನಿಂದ ಕೆಂಪು ಎದ್ದು ಬಂತು. ರೆಡ್‌ವುಡ್. ತುದಿಯಲ್ಲಿ ಬೆಳವಣಿಗೆಯ ಸುತ್ತುಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ಒಂದು ಅಂಗುಲದೊಳಗೆ ಮೂವತ್ತಕ್ಕೂ ಹೆಚ್ಚು ಗೆರೆ. ಬಡಗಿ ತನ್ನ ಗಾಡಿಯಿಂದ ಹೊಸದೊಂದು ರೆಡ್‌ವುಡ್ ಹಲಗೆ ತಂದು ಪಕ್ಕದಲ್ಲಿಟ್ಟ. ಅದರಲ್ಲಿ ಅದೇ ಒಂದು ಅಂಗುಲಕ್ಕೆ ಐದಾರು. ಹೊಸದು ಕಡಿದ ಕಾಡಿನಲ್ಲಿ ಮತ್ತೆ ಚಿಗುರಿ ಬಿಸಿಲು ಸಿಕ್ಕಿ ಬೇಗ ಬೆಳೆದದ್ದು. ನಮ್ಮ ಡೆಕ್ಕಿನದು ದೊಡ್ಡ ಮರಗಳ ನೆರಳಿನಲ್ಲಿ ನೂರಾರು ವರ್ಷ ನಿಧಾನಕ್ಕೆ ಬೆಳೆದ ಮರ. ಅಪ್ಪಯ್ಯ ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಎಣಿಸುತ್ತ ಕುಳಿತರು.

ಕ್ಯಾಲಿಫೋರ್ನಿಯಾದ ಕರಾವಳಿಯ ಮಂಜು ಕುಡಿದು ಬೆಳೆಯುವ ಈ ಮರಗಳಲ್ಲಿ ಎರಡು ಸಾವಿರ ವರ್ಷ ದಾಟಿದವಿವೆ, 380 ಅಡಿ ಮುಟ್ಟಿದ್ದೂ ಇದೆ. ಚೇಗಿನಲ್ಲಿರುವ ಒಗರಿನಿಂದಾಗಿ ಗೆದ್ದಲು ಹತ್ತಿರ ಸುಳಿಯುವುದು ಕಡಿಮೆ. ಈ ಗುಣವೇ ಅದಕ್ಕೆ ಮುಳುವಾಯಿತು. 1849ರಲ್ಲಿ ಚಿನ್ನದ ಆಸೆಗೆ ಜನ ನುಗ್ಗಿದಾಗ ಊರು ಕಟ್ಟಲು ರೆಡ್‌ವುಡ್ ಕಡಿದರು. 1906ರ ಭೂಕಂಪ ಮತ್ತು ಬೆಂಕಿಗೆ ಸ್ಯಾನ್ ಫ್ರಾನ್ಸಿಸ್ಕೊ ನೆಲಸಮವಾದಾಗ ಮತ್ತೆ ಕಡಿದರು. ಸುಮಾರು 20 ಲಕ್ಷ ಎಕರೆಯಿದ್ದ ಹಳೆಯ ಕಾಡಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಐದು ಪಾಲು. ಉಳಿಸಿಕೊಳ್ಳುವ ಕೆಲಸವೂ ಜೊತೆಜೊತೆಗೇ ನಡೆಯಿತು. ನಮ್ಮ ಮನೆಯಿಂದ ಬೆಟ್ಟ ಹತ್ತಿ ಇಳಿದರೆ ಸಿಗುವ ಬಿಗ್ ಬೇಸಿನ್ ಕಾಡು 1902ರಲ್ಲೇ ರಕ್ಷಿತ ಉದ್ಯಾನವಾಯಿತು. ರೆಡ್‌ವುಡ್ಡಿಗೇ ಒಂದು ರಾಷ್ಟ್ರೀಯ ಉದ್ಯಾನ ಆಗಲು 1968 ಬರಬೇಕಾಯಿತು. 1997ರ ಡಿಸೆಂಬರಿನಿಂದ ಎರಡು ವರ್ಷ ಜೂಲಿಯಾ ಬಟರ್‌ಫ್ಲೈ ಹಿಲ್ ಎಂಬ ಹುಡುಗಿ ಒಂದೇ ಮರದ ಮೇಲೆ ವಾಸವಿದ್ದು ಅದನ್ನು ಕಡಿಯಲು ಬಿಡಲಿಲ್ಲ. ಶಿರಸಿಯ ಸಲ್ಕಣಿಯಲ್ಲಿ 1983ರಲ್ಲಿ ಮರ ಅಪ್ಪಿಕೊಂಡು ನಿಂತವರ ಸುದ್ದಿ ಕೇಳುತ್ತ ಬೆಳೆದವಳು ನಾನು. ಈ ಹಲಗೆಗಳನ್ನು ಕಸದ ಗಾಡಿಗೆ ಹಾಕುವುದು ನನ್ನಿಂದ ಆಗಲಿಲ್ಲ. ಕಂಬ, ತೊಲೆಗಳನ್ನು ಹೊಸದಾಗಿ ನಿಲ್ಲಿಸಿ, ಹಲಗೆಗಳ ಮೊಳೆ ಕಿತ್ತು, ಮಗುಚಿ, ಉಜ್ಜಿ, ಎಣ್ಣೆ ಹಚ್ಚಿ ಅವನ್ನೇ ಮತ್ತೆ ಹಾಸಿದೆವು. ಹೊಸದು ಕೊಳ್ಳುವುದಕ್ಕಿಂತ ಕೂಲಿ ಹೆಚ್ಚಾಯಿತು. ಆಗಲಿ. ಆ ಮರ ಇನ್ನೊಮ್ಮೆ ಬೆಳೆಯುವುದನ್ನು ನೋಡಲು ನಮ್ಮಲ್ಲಿ ಯಾರೂ ಇರುವುದಿಲ್ಲ.

ಇನ್ನು, ಡೆಕ್ ಯಾಕೆ ಹಿತ್ತಲಲ್ಲಿದೆ ಎಂಬ ಪ್ರಶ್ನೆ. ನಮ್ಮೂರ ಜಗಲಿ ದಾರಿಗೆ ಮುಖಮಾಡಿರುತ್ತದೆ. ಹೋಗುವವರು ಬರುವವರು ಕೂತು ಕವಳ ಹಾಕಿ ಎದ್ದು ಹೋಗಬಹುದು. ಅಮೆರಿಕದಲ್ಲೂ ಹಿಂದೆ ಹಾಗೇ ಇತ್ತು, ಮನೆಯ ಮುಂದೆ ಚಾವಣಿಯಿರುವ ಜಗಲಿ, ಎದುರಿಗೆ ಬೀದಿ. ಕಾರು ಬಂದು ಬೀದಿಯಲ್ಲಿ ಸದ್ದು, ಧೂಳು ಏರಿದವು. ಎರಡನೆಯ ಮಹಾಯುದ್ಧ ಮುಗಿದು ಸರಕಾರದ ಖಾತ್ರಿಯ ಸಾಲದಲ್ಲಿ ಬಡಾವಣೆಗಳು ಎದ್ದಾಗ ಮನೆಗಳು ಬೀದಿಗೆ ಬೆನ್ನು ತಿರುಗಿಸಿದವು. ನಮ್ಮ ಸನ್ನಿವೇಲ್‌ನಲ್ಲಿ ಜೋಸೆಫ್ ಐಕ್ಲರ್ 1940ರ ದಶಕದ ಕೊನೆಯಿಂದ ಕಟ್ಟಿಸಿದ ಮನೆಗಳನ್ನು ನೋಡಿದರೆ ಇದು ಒಂದೇ ನೋಟಕ್ಕೆ ತಿಳಿಯುತ್ತದೆ: ಬೀದಿಗೆ ಹೆಚ್ಚುಕಡಿಮೆ ಬರೀ ಗೋಡೆ, ಹಿಂದಕ್ಕೆ ನೆಲದಿಂದ ಸೂರಿನವರೆಗೆ ಗಾಜು. ಅಡುಗೆಮನೆಯಲ್ಲಿ ನಿಂತವರ ಕಣ್ಣಿಗೆ ಹಿತ್ತಲೇ ಮನೆಯ ಮುಂಭಾಗ.

ಆ ಹಿತ್ತಲನ್ನು ಇನ್ನೊಂದು ಕೋಣೆಯ ಹಾಗೆ ಮಾಡಿದವರಲ್ಲಿ ಮೊದಲ ಹೆಸರು ಥಾಮಸ್ ಚರ್ಚ್ ಅವರದು. ಸ್ಯಾನ್ ಫ್ರಾನ್ಸಿಸ್ಕೊದ ಈ ಉದ್ಯಾನಶಿಲ್ಪಿ 1948ರಲ್ಲಿ ಸೊನೋಮಾದ ಡಾನೆಲ್ ಕುಟುಂಬಕ್ಕೆ ಮಾಡಿಕೊಟ್ಟ ತೋಟದಲ್ಲಿ ಮರದ ಡೆಕ್ ಓಕ್ ಮರಗಳನ್ನು ಕಡಿಯದೆ ಅವುಗಳ ಸುತ್ತ ಸಾಗುತ್ತದೆ. ಕಾಂಡಕ್ಕೆ ಬೇಕಾದಷ್ಟು ಜಾಗ ಬಿಟ್ಟು ಹಲಗೆ ಕೊಯ್ದಿದ್ದಾರೆ. ಇಳಿಜಾರಿನಲ್ಲಿ ಗುಡ್ಡ ಅಗೆದು ಗೋಡೆ ಕಟ್ಟುವ ಬದಲು ಕಂಬದ ಮೇಲೆ ಹಲಗೆ ಹಾಸಿದರೆ ಮಣ್ಣೂ ಮರವೂ ಇದ್ದಲ್ಲೇ ಇರುತ್ತವೆ. ಚರ್ಚ್ ಅವರ ಈ ವಿವೇಕ ನನಗೆ ತುಂಬ ಇಷ್ಟ. 1898ರಲ್ಲಿ ರೈಲು ಕಂಪನಿಯೊಂದು ಪ್ರಯಾಣಿಕರನ್ನು ಸೆಳೆಯಲು ಶುರುಮಾಡಿದ್ದ 'ಸನ್‌ಸೆಟ್' ಪತ್ರಿಕೆ ಆ ಹೊತ್ತಿಗೆ ಪಶ್ಚಿಮದ ಮನೆ, ತೋಟಗಳ ಪತ್ರಿಕೆಯಾಗಿತ್ತು. ಮೆನ್ಲೊ ಪಾರ್ಕಿನಲ್ಲಿದ್ದ ಅದರ ಕಚೇರಿಯ ತೋಟವನ್ನು ಮಾಡಿದವರೂ ಚರ್ಚ್. ಶ್ರೀಮಂತರ ಹಿತ್ತಲಿನಲ್ಲಿದ್ದ ಡೆಕ್ಕನ್ನು ಆ ಪತ್ರಿಕೆ ಅಳತೆ, ನಕ್ಷೆಗಳ ಸಮೇತ ಸಾಮಾನ್ಯರ ಮನೆಗೆ ತಲುಪಿಸಿತು.

ನಮ್ಮ ಮನೆ ಐಕ್ಲರ್ ಕಟ್ಟಿಸಿದ್ದಲ್ಲ, ಆದರೆ ಅದೇ ಕಾಲದ್ದು. ಅದಕ್ಕೂ ಮೊದಲು ಇಲ್ಲಿ ಏನಿತ್ತು ಎಂದು ಹೇಳಿದವರು ಪಕ್ಕದ ಮನೆಯ ಅಜ್ಜ. ಅವರ ಅಜ್ಜ ಕ್ರೊಯೇಷಿಯಾದಿಂದ ಬಂದು ಇದೇ ಬೀದಿಯ ಆಚೆಗೆ ಏಪ್ರಿಕಾಟ್ ಬೆಳೆದವರು. ಸಾಂಟಾ ಕ್ಲಾರಾ ಕಣಿವೆಯಲ್ಲಿ ಆಗ ಕಣ್ಣು ಹಾಯಿಸಿದಷ್ಟು ದೂರವೂ ಹಣ್ಣಿನ ಮರ. ಫ್ರಾನ್ಸಿನಿಂದ ಬಂದ ಲೂಯಿ ಪೆಲಿಯೇ 1856ರಲ್ಲಿ ಸ್ಯಾನ್ ಹೋಸೆಯಲ್ಲಿ ಕಸಿಮಾಡಿದ ಪ್ರೂನ್ ಹಣ್ಣು ಕಣಿವೆಯನ್ನೇ ಆವರಿಸಿತ್ತು. ಬೇಸಿಗೆಯ ರಜೆಯಲ್ಲಿ ಮಕ್ಕಳೆಲ್ಲ ಕೊಟ್ಟಿಗೆಯಲ್ಲಿ ಕೂತು ಬ್ಲೆನ್‌ಹೈಮ್ ಏಪ್ರಿಕಾಟನ್ನು ಹೋಳುಮಾಡಿ, ಬೀಜ ತೆಗೆದು, ಮರದ ತಟ್ಟೆಗಳಲ್ಲಿ ಹರಡುತ್ತಿದ್ದರಂತೆ. ಗಂಧಕದ ಹೊಗೆ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದರು. ನಮ್ಮಲ್ಲಿ ಅಡಿಕೆ ಸುಲಿಯುವ ಚಪ್ಪರದ ಸದ್ದು, ಮಾತು, ಕಥೆಗಳೆಲ್ಲ ನನಗೆ ಅವರ ಬಾಯಲ್ಲಿ ಮತ್ತೆ ಕೇಳಿಸಿದವು. ಸನ್ನಿವೇಲ್‌ನ ಹಳೆಯ ಡಬ್ಬಿ ಹಣ್ಣಿನ ಕಾರ್ಖಾನೆಯ ನೀರಿನ ಗೋಪುರ ಈಗಲೂ ಹಣ್ಣಿನ ಡಬ್ಬಿಯ ಚಿತ್ರ ಹೊತ್ತು ನಿಂತಿದೆ. ನಗರಸಭೆ ಉಳಿಸಿಕೊಂಡಿರುವ ಒಂದು ಬ್ಲೆನ್‌ಹೈಮ್ ತೋಟವೂ ಇದೆ.

ಆದರೆ ಆ ಕಾಲದಲ್ಲಿ ಈ ನೆಲ ನಮ್ಮಂಥವರ ಹೆಸರಿಗೆ ಆಗುತ್ತಿರಲಿಲ್ಲ. ಅಮೆರಿಕದ ಪೌರರಾಗಲು ಅರ್ಹತೆಯಿಲ್ಲದ ವಿದೇಶಿಯರು ಸಾಗುವಳಿ ಭೂಮಿ ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಗುರಿಯಾಗಿದ್ದವರು ಮುಖ್ಯವಾಗಿ ಜಪಾನೀಯರು. 1923ರಲ್ಲಿ ಭಗತ್ ಸಿಂಗ್ ತಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಭಾರತೀಯರಿಗೆ ಆ ಹಕ್ಕು ಸಿಕ್ಕಿದ್ದು 1946ರಲ್ಲಿ. ಭೂಮಿಯ ಕಾನೂನು ಬಿದ್ದದ್ದು 1952ರಲ್ಲಿ. ಆಮೇಲೂ ಬಡಾವಣೆಗಳಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರದ ರೂಢಿ ಮುಂದುವರಿಯಿತು. ಐಕ್ಲರ್ ಎಲ್ಲರಿಗೂ ಮಾರಿದರು. ಭೇದ ಮಾಡುವುದಿಲ್ಲ ಎಂಬ ನಿಲುವಿಗಾಗಿ 1958ರಲ್ಲಿ ಮನೆ ಕಟ್ಟುವವರ ರಾಷ್ಟ್ರೀಯ ಸಂಘಕ್ಕೆ ರಾಜೀನಾಮೆಯನ್ನೂ ಕೊಟ್ಟರು. ಅವರ ಮನೆಗಳ ಗಾಜನ್ನು ಹೊಗಳುವವರು ಇದನ್ನೂ ಸೇರಿಸಿ ಹೇಳಬೇಕು.

ಹಿತ್ತಲ ತರಕಾರಿಯ ಇತಿಹಾಸದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು 1942ರಲ್ಲಿ. ಯುದ್ಧಕಾಲದಲ್ಲಿ ಅಮೆರಿಕನ್ನರು ಹಿತ್ತಲಲ್ಲೂ ಉದ್ಯಾನಗಳಲ್ಲೂ ತರಕಾರಿ ಬೆಳೆದ 'ವಿಕ್ಟರಿ ಗಾರ್ಡನ್' ಕಥೆಯನ್ನು ಇಲ್ಲಿನ ಶಾಲೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲೂ ಮಡಿಗಳೆದ್ದವು. 1943ರಲ್ಲಿ ದೇಶದಾದ್ಯಂತ ಇಂಥ ಸುಮಾರು 2 ಕೋಟಿ ತೋಟಗಳಿದ್ದವು ಎಂಬ ಅಂದಾಜಿದೆ. ಅದೇ ಹೊತ್ತಿನಲ್ಲಿ, 1942ರ ಫೆಬ್ರವರಿ 19ರ ಅಧ್ಯಕ್ಷರ ಆದೇಶದ ಬಲದಿಂದ, ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಕ್ಯಾಲಿಫೋರ್ನಿಯಾದ ತರಕಾರಿಯ ದೊಡ್ಡ ಪಾಲನ್ನು ಬೆಳೆಯುತ್ತಿದ್ದವರು ಅವರೇ. ಈ ಕಣಿವೆಯವರು ಹೊರಟದ್ದು ಸ್ಟ್ರಾಬೆರಿ ಹಣ್ಣಾಗುವ ಕಾಲಕ್ಕೆ. ಬಹುಪಾಲು ಜನ ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರ ಸೇರಿದರು. ಮುಂದೆ ಸ್ಯಾನ್ ಹೋಸೆಯ ಮೇಯರೂ ದೇಶದ ಸಾರಿಗೆ ಸಚಿವರೂ ಆದ ನಾರ್ಮನ್ ಮಿನೆಟಾ ಆಗ ಅಲ್ಲಿದ್ದ ಹತ್ತು ವರ್ಷದ ಹುಡುಗ. ಬೆಳೆಯಲು ಗೊತ್ತಿದ್ದವರನ್ನು ಹೊಲದಿಂದ ಎಬ್ಬಿಸಿ, ಗೊತ್ತಿಲ್ಲದವರ ಕೈಗೆ ಸಲಿಕೆ ಕೊಟ್ಟರು. ಆ ಶಿಬಿರಗಳ ಒಣ ನೆಲದಲ್ಲೂ ಅವರು ತರಕಾರಿ ಬೆಳೆದರು, ಮಾಂಜನಾರ್ ಶಿಬಿರದಲ್ಲಿ ಕಲ್ಲು, ಕೊಳಗಳ ತೋಟ ಕಟ್ಟಿದರು. ಅವುಗಳ ಕಲ್ಲುಗಳು ಈಗಲೂ ಇವೆ.

ಮರಳಿ ನಮ್ಮ ಹಿತ್ತಲಿನ ಮಣ್ಣಿಗೆ ಬರುತ್ತೇನೆ. ಹಣ್ಣಿನ ತೋಟವಿದ್ದ ನೆಲ ಅಂದಾಗಲೇ ಬಡಗಿ ಮಣ್ಣಿನ ಪರೀಕ್ಷೆ ಮಾಡಿಸಿ ಎಂದಿದ್ದ. ಡಿಡಿಟಿ ಬರುವ ಮೊದಲು ಅಮೆರಿಕದ ಹಣ್ಣಿನ ತೋಟಗಳಲ್ಲಿ ಹುಳಕ್ಕೆ ಹೊಡೆಯುತ್ತಿದ್ದ ಮುಖ್ಯ ಔಷಧಿ ಲೆಡ್ ಆರ್ಸೆನೇಟ್, ಅಂದರೆ ಸೀಸ ಮತ್ತು ಆರ್ಸೆನಿಕ್ ಎರಡೂ ಸೇರಿದ್ದು. 1890ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಮರದೆಲೆ ತಿನ್ನುವ ಪತಂಗಕ್ಕೆಂದು ಶುರುವಾದದ್ದು ಸೇಬು, ಪೇರ್ ತೋಟಗಳಿಗೆಲ್ಲ ಹಬ್ಬಿತು. ಹುಳ ಒಗ್ಗಿಕೊಂಡಷ್ಟೂ ಹೆಚ್ಚು ಹೊಡೆದರು. ಮರ ಹೋಗಿ ಮನೆ ಬಂದರೂ ಸೀಸ ಮೇಲ್ಮಣ್ಣು ಬಿಟ್ಟು ಕದಲುವುದಿಲ್ಲ. ನಮ್ಮ ವರದಿಯಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಕಪ್ಪು ಜೇಡಿಯಲ್ಲಿ ಮೆಂತ್ಯ, ಹರಿವೆ, ಮೂಲಂಗಿ ಬಿತ್ತುವುದು ಸರಿಯಲ್ಲ. ಸೊಪ್ಪಿಗೂ ಗೆಡ್ಡೆಗೂ ಮಣ್ಣು ಅಂಟಿಕೊಂಡೇ ಬರುತ್ತದೆ. ಹೀಗೆ ನಾವು ಪೆಟ್ಟಿಗೆಯಂಥ ಏರುಮಡಿಗಳಿಗೆ ಬಂದೆವು.

ಏರುಮಡಿ ನನಗೆ ಹೊಸದಲ್ಲ. ಮಲೆನಾಡಿನ ಮಳೆಯಲ್ಲಿ ಶುಂಠಿಯನ್ನೋ ಬೆಂಡೆಯನ್ನೋ ಹಾಕುವವರು ಬುಡ ಕೊಳೆಯಬಾರದೆಂದು ಮಣ್ಣು ಏರಿಸುತ್ತಾರೆ, ಮಡಿಗಳ ನಡುವೆ ಕಾಲುವೆ ಬಿಡುತ್ತಾರೆ. ಮೆಕ್ಸಿಕೊದ ಶೊಚಿಮಿಲ್ಕೊದಲ್ಲಿ ಕೆರೆಯ ಹೂಳೆತ್ತಿ ನೀರಿನ ನಡುವೆಯೇ ಮಡಿ ಕಟ್ಟಿದ್ದಾರೆ, ಇವತ್ತಿಗೂ ಅಲ್ಲಿ ಬೆಳೆ ತೆಗೆಯುತ್ತಾರೆ. ಆದರೆ ಕ್ಯಾಲಿಫೋರ್ನಿಯಾದ ಹಿತ್ತಲಿಗೆ ಏರುಮಡಿ ಬಂದ ದಾರಿ ಪ್ಯಾರಿಸ್ಸಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಗರದೊಳಗೇ ತುಂಡು ತುಂಡು ಜಾಗಗಳಲ್ಲಿ ತರಕಾರಿ ಬೆಳೆಯುವ ಕಸುಬಿನವರಿದ್ದರು. ಬೀದಿಯ ಕುದುರೆಗಳ ಲದ್ದಿಯನ್ನು ದಪ್ಪಕ್ಕೆ ಹಾಸಿ, ಅದರ ಶಾಖದ ಮೇಲೆ ಗೊಬ್ಬರಮಣ್ಣು ಹರಡಿ, ಗಂಟೆಯಾಕಾರದ ಗಾಜಿನ ಮುಚ್ಚಳ ಹಾಕಿ, ಚಳಿಗಾಲದಲ್ಲೂ ಲೆಟಿಸ್ ಸೊಪ್ಪು ತೆಗೆಯುತ್ತಿದ್ದರು. ಅವರಲ್ಲೇ ಇಬ್ಬರು, ಮೊರೊ ಮತ್ತು ದಾವೆರ್ನ್, 1845ರಲ್ಲಿ ತಮ್ಮ ಕಸುಬನ್ನು ಪುಸ್ತಕವಾಗಿ ಬರೆದಿಟ್ಟರು. ಕುದುರೆ ಹೋಗಿ ಮೋಟಾರು ಬಂದಾಗ ಲದ್ದಿ ಹೋಯಿತು, ಕಸುಬೂ ಹೋಯಿತು.

ಆ ಜ್ಞಾನವನ್ನು ಇಲ್ಲಿಗೆ ತಂದವರು ಅಲನ್ ಚಾಡ್ವಿಕ್. ಇಂಗ್ಲೆಂಡಿನವರು, ರಂಗನಟರಾಗಿದ್ದವರು. ಬೆಟ್ಟದಾಚೆಯ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ಕಲ್ಲುಗುಡ್ಡದ ಇಳಿಜಾರಿನಲ್ಲಿ 1967ರಲ್ಲಿ ಸಲಿಕೆ ಹಿಡಿದು ಶುರುಮಾಡಿದರು. ಯಂತ್ರವಿಲ್ಲ, ರಾಸಾಯನಿಕವಿಲ್ಲ. ಒಂದು ಸಲಿಕೆಯ ಆಳ ಮಣ್ಣು ತೆಗೆದು ಪಕ್ಕಕ್ಕಿಡುವುದು, ಅದರ ಕೆಳಗೆ ಇನ್ನೊಂದು ಸಲಿಕೆಯ ಆಳಕ್ಕೆ ಸಡಿಲಿಸುವುದು, ಮತ್ತೆ ಗೊಬ್ಬರ ಸೇರಿಸಿ ತುಂಬುವುದು. ಗಾಳಿ ಸೇರಿದ ಮಣ್ಣು ತಾನಾಗಿಯೇ ಉಬ್ಬಿ ಮಡಿಯಾಗುತ್ತದೆ. ಅಂಚಿಗೆ ಹಲಗೆ ಬೇಕಿಲ್ಲ. ಅವರ ಬೆನ್ನಿಗೆ ಪಾಲೊ ಆಲ್ಟೊದಲ್ಲಿ ಜಾನ್ ಜೀವನ್ಸ್ ಅದೇ ಕ್ರಮವನ್ನು ಅಳೆದು, ತೂಗಿ 1974ರಲ್ಲಿ ಪುಸ್ತಕ ಬರೆದರು. ಅದು ಮೆಕ್ಸಿಕೊ, ಕೆನ್ಯಾಗಳ ಸಣ್ಣ ರೈತರವರೆಗೂ ಹೋಯಿತು. 1981ರಲ್ಲಿ ನಿವೃತ್ತ ಎಂಜಿನಿಯರ್ ಮೆಲ್ ಬಾರ್ತಲೊಮ್ಯು ಒಂದೊಂದು ಚದರ ಅಡಿಗೆ ಇಷ್ಟಿಷ್ಟೇ ಗಿಡ ಎಂಬ ಲೆಕ್ಕ ಕೊಟ್ಟರು. 2006ರ ಹೊಸ ಆವೃತ್ತಿಯಲ್ಲಿ ಅವರು ಇನ್ನೂ ಮುಂದೆ ಹೋಗಿ, ನಿಮ್ಮ ನೆಲ ಅಗೆಯುವುದೇ ಬೇಡ, ಪೆಟ್ಟಿಗೆ ಇಟ್ಟು ಬೇರೆಯೇ ಮಿಶ್ರಣ ತುಂಬಿ ಎಂದರು.

ಈ ನಲವತ್ತು ವರ್ಷಗಳಲ್ಲಿ ಏನಾಯಿತು ಎಂಬುದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಚಾಡ್ವಿಕ್ ಅವರ ಏರುಮಡಿ ನೆಲದ ಆಳಕ್ಕೆ ಇಳಿಯುವ ಕ್ರಮವಾಗಿತ್ತು. ಈಗಿನದು ನೆಲವನ್ನು ದೂರವಿಡುವ ಕ್ರಮ. ನಮ್ಮದೂ ಅದೇ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಯಾವ ಔಷಧಿಯೂ ಕುಡಿಯದ ರೆಡ್‌ವುಡ್ ಹಲಗೆ. ತಳಕ್ಕೆ ಗೋಫರ್ ಎಂಬ ಬಿಲ ತೋಡುವ ಪ್ರಾಣಿ ಮೇಲೆ ಬರದ ಹಾಗೆ ತಂತಿಯ ಬಲೆ, ಅದರ ಮೇಲೆ ನೀರು ಇಳಿಯುವ ದಪ್ಪ ಬಟ್ಟೆ. ಕೊಂಡ ಮಣ್ಣು ಲಾರಿಯಲ್ಲಿ ಬಂದು ಬಿದ್ದಾಗ ಅಪ್ಪಯ್ಯ ಒಂದು ಹಿಡಿ ಮೂಸಿ ನೋಡಿ ಹಾಗೇ ಕೆಳಗೆ ಬಿಟ್ಟರು. ದುಡ್ಡು ಕೊಟ್ಟು ಮಣ್ಣು ತರುವುದು ಅವರಿಗೆ ಸಹಿಸಲಾಗದ ಮಾತು. ಮಣ್ಣು ಕೆಟ್ಟದ್ದು ಹೇಗೆ ಎಂದು ವಿವರಿಸಿದ ಮೇಲೆ, "ಹೊಡೆಯುವವರಿಗೆ ಗೊತ್ತಿರಲಿಲ್ಲವಾ?" ಎಂದು ಕೇಳಿದರು. ವಿಷವೆಂದು ಗೊತ್ತಿತ್ತು ಅಪ್ಪಯ್ಯ, ಹೋಗುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ ಅಂದೆ. ಆ ದಿನ ಅವರು ಮತ್ತೇನೂ ಮಾತಾಡಲಿಲ್ಲ.

ಈಗ ಪೆಟ್ಟಿಗೆಗಳಲ್ಲಿ ಹರಿವೆ, ಮೆಂತ್ಯ, ಬಸಳೆ ಇವೆ. ಕರಿಬೇವು ಕುಂಡದಲ್ಲೇ ಇದೆ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಏಷ್ಯಾದ ಸಿಟ್ರಸ್ ಕೀಟ 2008ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ, ಆ ಕೀಟಕ್ಕೆ ಕರಿಬೇವೂ ಆಶ್ರಯವಾದ್ದರಿಂದ, ಗಿಡವನ್ನು ಊರಿಂದೂರಿಗೆ ಒಯ್ಯುವುದಕ್ಕೆ ಕಟ್ಟುಪಾಡುಗಳಿವೆ. ಸ್ನೇಹಿತರು ಸಸಿ ಕೇಳಿದರೆ ನಾನು ಕೊಡುವುದಿಲ್ಲ, ಬೇಜಾರು ಮಾಡಿಕೊಂಡರೂ ಕೊಡುವುದಿಲ್ಲ.

ನೆಲವನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮರದ ಹಣ್ಣಿಗೆ ಸೀಸ ಏರುವುದು ಬಹಳ ಕಡಿಮೆ. ಹಾಗಾಗಿ ಡೆಕ್ಕಿನ ದಕ್ಷಿಣದ ಮೂಲೆಯಲ್ಲಿ, ಆ ಕಪ್ಪು ಜೇಡಿಯಲ್ಲೇ, ಒಂದು ಬ್ಲೆನ್‌ಹೈಮ್ ಏಪ್ರಿಕಾಟ್ ನೆಟ್ಟಿದ್ದೇವೆ. ಎಲ್ಲಿ ಕತ್ತರಿಸಬೇಕು, ಯಾವಾಗ ಕತ್ತರಿಸಬೇಕು ಎಂದು ಪಕ್ಕದ ಮನೆಯ ಅಜ್ಜ ಬೇಲಿಯ ಮೇಲಿಂದ ಹೇಳಿಕೊಡುತ್ತಾರೆ. ಮಳೆಗಾಲದಲ್ಲಿ ಕೊಂಬೆ ಕೊಯ್ಯಬಾರದು, ಗಾಯದೊಳಗೆ ಬೂಷ್ಟು ಇಳಿಯುತ್ತದೆ, ಬೇಸಿಗೆಯ ಕೊನೆಗೇ ಕೊಯ್ಯಬೇಕು ಎಂಬುದನ್ನು ಅವರಿಂದ ಕಲಿತೆ. ಹಳೆಯ ಕಂಬಗಳನ್ನು ಬಡಗಿ ವಿಷಮರಕ್ಕೆಂದೇ ಗೊತ್ತುಮಾಡಿದ ಜಾಗಕ್ಕೆ ಸಾಗಿಸಿದ. ಅದರ ರಸೀತಿ ಇದೆ. ರಸೀತಿಯನ್ನೂ ಮಣ್ಣಿನ ವರದಿಯನ್ನೂ, ಎಲ್ಲೆಲ್ಲಿ ಮಣ್ಣು ತೆಗೆದು ಪರೀಕ್ಷೆ ಮಾಡಿಸಿದೆವು ಎಂಬ ಕೈಬರಹದ ನಕ್ಷೆಯನ್ನೂ ಮನೆಯ ಕಾಗದಪತ್ರಗಳ ಜೊತೆಗೇ ಇಟ್ಟಿದ್ದೇವೆ. ನಮಗೆ ಈ ಮನೆ ಮಾರಿದವರು ಹಿತ್ತಲಿನ ಬಗ್ಗೆ ಏನನ್ನೂ ಹೇಳಿರಲಿಲ್ಲ. ನಮ್ಮ ನಂತರ ಬರುವವರು ಮೂಲಂಗಿ ಬಿತ್ತುವ ಮೊದಲು ಅವನ್ನು ಓದಲಿ.